ಕಾಣದ ಪಿತ್ತಕೋಶ

ನಾಲ್ಕು ಗಂಟೆ ಕಾದರೂ ತೆರೆಯ ಮೇಲೆ ಅಶ್ವತ್ಥನಾರಾಯಣರ ಪಿತ್ತಕೋಶ ಕಾಣಿಸಲಿಲ್ಲ. ಹೊಟ್ಟೆನೋವೆಂದು ಬಂದ ಅವರಿಗೆ ಕೈಯ ನರಕ್ಕೆ ವಿಕಿರಣದ ಔಷಧಿ ಕೊಟ್ಟು, ಅದು ಪಿತ್ತಕೋಶ ಸೇರುತ್ತದೆಯೇ ಎಂದು ನೋಡುವ ಸ್ಕ್ಯಾನ್ ಮಾಡಿದ್ದರು.

"ಪಿತ್ತಕೋಶದ ನಾಳ ಮುಚ್ಚಿಹೋಗಿದೆ. ನಾಳೆ ಬೆಳಿಗ್ಗೆ ಆಪರೇಷನ್. ಹೃದಯಕ್ಕೆ ಸ್ಟೆಂಟ್ ಹಾಕಿ ಇನ್ನೂ ಎಂಟು ತಿಂಗಳು, ಅಪಾಯ ಇದ್ದೇ ಇದೆ" ಎಂದರು ಸರ್ಜನ್, ಹಿಂದಿಯಲ್ಲಿ. ಒಪ್ಪಿಗೆ ಪತ್ರಕ್ಕೆ ಹೆಂಡತಿ ವೈಜಯಂತಿ ಸಹಿ ಹಾಕಿದಳು.

ಗಂಡನ ಬಟ್ಟೆಬರೆ ತರಲು ಆಟೋ ಹಿಡಿದು ವಸಂತ್ ಕುಂಜ್ ಬಡಾವಣೆಯ ಮನೆಗೆ ಬಂದಳು. ಅವರ ಕನ್ನಡಕಕ್ಕಾಗಿ, ಪಾಠ ಮಾಡಲು ಕಾಲೇಜಿಗೆ ಒಯ್ಯುತ್ತಿದ್ದ ಚೀಲ ತಡಕಿದಾಗ ಎರಡು ಊಟದ ಡಬ್ಬಿ ಸಿಕ್ಕವು. ಡಿಪಾರ್ಟ್‌ಮೆಂಟಿನಲ್ಲಿ ಮರೆತೆ ಎಂದು ಅವರು ಹೇಳಿದ್ದ ಡಬ್ಬಿಯೂ ಇತ್ತು. ಎರಡರಲ್ಲೂ ಚಪಾತಿ, ಪಲ್ಯ ಮುಟ್ಟದೆ ಹಳಸಿದ್ದವು. ರಾತ್ರಿಗಳಲ್ಲೂ ಅವರು "ಹೊರಗೆ ಊಟ ಆಯ್ತು" ಎಂದಿದ್ದರು. ಸ್ಕ್ಯಾನಿಗೆ ಮೊದಲು ಟೆಕ್ನೀಷಿಯನ್ ಊಟ ಮಾಡಿದ್ದು ಯಾವಾಗ ಎಂದು ಕೇಳಿದಾಗ, ಅವಳ ಮುಖ ನೋಡಿ "ನಿನ್ನೆ ರಾತ್ರಿ" ಎಂದಿದ್ದರು.

ಆಟೋದಲ್ಲಿ ವಾಪಸ್ಸು ಬಂದವಳೇ ಗಂಡನ ಹಾಸಿಗೆಯ ಪಕ್ಕ ನಿಂತಳು.

"ನಿಜ ಹೇಳಿ. ಯಾವಾಗಿಂದ ಊಟ ಬಿಟ್ಟಿದ್ದೀರಿ?"

ಅವರು ಕಿಟಕಿಯತ್ತ ತಿರುಗಿದರು. "ಮೂರು ದಿನ ಆಯ್ತು. ತಿಂದ್ರೆ ಉರಿ. ಅಪ್ಪನಿಗೂ ಹೀಗೇ ಶುರುವಾಗಿ ಕ್ಯಾನ್ಸರ್ ಅಂದ್ರಲ್ಲ. ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ."

ಊಟದ ಬಗ್ಗೆ ಟೆಕ್ನೀಷಿಯನ್ ಕೇಳಿದ್ದು ನೆನಪಾಗಿ ಅವಳು ನೇರ ಸ್ಕ್ಯಾನ್ ವಿಭಾಗಕ್ಕೆ ನಡೆದಳು. ಅಲ್ಲಿನ ವೈದ್ಯೆ ಎಲ್ಲವನ್ನೂ ಕೇಳಿ ಎದ್ದೇ ನಿಂತರು.

"ಇಷ್ಟು ಉಪವಾಸವಿದ್ದರೆ ಪಿತ್ತಕೋಶ ಮೊದಲೇ ತುಂಬಿರುತ್ತೆ. ಔಷಧಿ ಒಳಗೆ ಹೋಗೋದಿಲ್ಲ. ನಮಗೆ ಮುಚ್ಚಿದ ಹಾಗೇ ಕಾಣುತ್ತೆ. ಇದನ್ನು ಮೊದಲೇ ಹೇಳಬೇಕಿತ್ತು" ಎಂದು ಸರ್ಜನ್‌ಗೆ ಫೋನ್ ಮಾಡಿದರು. ಆಪರೇಷನ್ ನಿಂತಿತು.

ಮರುದಿನ ಬೆಳಿಗ್ಗೆ, ಪಿತ್ತಕೋಶ ಖಾಲಿಯಾಗಲೆಂದು ತುಪ್ಪ ಹಾಕಿದ ಗಂಜಿ ಕುಡಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರು. ವೈಜಯಂತಿ ಬಾಗಿಲ ಗಾಜಿಗೆ ಹಣೆಯೊತ್ತಿ ನಿಂತಿದ್ದಳು. ನಲವತ್ತನೇ ನಿಮಿಷಕ್ಕೆ ತೆರೆಯ ಮೇಲೆ ಪಿತ್ತಕೋಶ ಸಣ್ಣ ಚುಕ್ಕೆಯಾಗಿ ಮೂಡಿತು. ವೈದ್ಯೆ ಅವಳತ್ತ ತಿರುಗಿ ತಲೆಯಾಡಿಸಿದರು: ನಾಳ ತೆರೆದೇ ಇತ್ತು.

ಹಾಗಾದರೆ ನೋವು ಯಾವುದರದು? ಎಂಡೋಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಹುಣ್ಣು ಕಂಡಿತು. ಅದರ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ಐದು ದಿನ ಕಾದ ಮೇಲೆ ವರದಿ ಬಂತು. ಕ್ಯಾನ್ಸರ್ ಅಲ್ಲ, ಮಾತ್ರೆಯಲ್ಲೇ ವಾಸಿಯಾಗುತ್ತದೆ ಎಂದರು ವೈದ್ಯರು.

ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ ಅವಳು ಕೇಳಿದಳು: "ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಮಗೆ?"

ಅಶ್ವತ್ಥನಾರಾಯಣರು ಅವಳ ಕೈ ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ, ಆದರೆ ಅವರತ್ತ ತಿರುಗಲೂ ಇಲ್ಲ.