ದುರುಗೇಶನ ಮೀಸೆ ಹೋದ ದಿನ

ಗೊರೇಬಾಳದ ದುರುಗೇಶನ ಮಗಳಿಗೆ ಐದು ತಿಂಗಳು ತುಂಬಿದರೂ ಹೆಸರಿರಲಿಲ್ಲ. ಯಾರಾದರೂ ಕೇಳಿದರೆ ‘ಕೂಸು’ ಅನ್ನುವುದು, ಆಸ್ಪತ್ರೆಯ ಚೀಟಿಯಲ್ಲಿ ‘ಭಾರತಿಯ ಮಗು’ ಎಂದು ಬರೆಸುವುದು, ಹೀಗೇ ದಿನ ನೂಕುತ್ತಿದ್ದರು. ಗದ್ದೆ ಕೆಲಸಕ್ಕೆ ಬರುವ ಸೂಗಮ್ಮನಂತೂ, ನಾಳೆ ಸಾಲಿಯಲ್ಲಿ ಮಾಸ್ತರು ಹಾಜರಿ ಕೂಗುವಾಗಲೂ ಈಕೆ ಕೂಸೇ ನೋಡು ಎಂದು ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದಳು.

ಹೆಸರಿಗೇನೂ ಬರ ಇರಲಿಲ್ಲ. ಭಾರತಿ ರಾಜಶ್ರೀ ಎಂದು ಯಾವತ್ತೋ ಆರಿಸಿಟ್ಟಿದ್ದಳು. ಬರ ಇದ್ದದ್ದು ಅದನ್ನು ಕೂಸಿನ ಕಿವಿಯಲ್ಲಿ ಕೂಗುವವಳಿಗೆ. ಆ ಕೆಲಸ ಸೋದರತ್ತೆಯದು. ದುರುಗೇಶನಿಗೆ ಅಕ್ಕತಂಗಿಯರಿಲ್ಲ. ಆ ಜಾಗಕ್ಕೆ ಇದ್ದವಳೊಬ್ಬಳೇ, ಅವನ ಅಪ್ಪ ಗೋಪಣ್ಣನ ತಂಗಿ ಆದಮ್ಮ, ಮಸ್ಕಿಯಲ್ಲಿ. ದುರುಗೇಶ ಇನ್ನೂ ತೊದಲು ಮಾತಾಡುವಾಗ ತಾಯಿ ತೀರಿಕೊಂಡಳು. ಆಗ ಅವನನ್ನು ಸೊಂಟದ ಮೇಲೆ ಹೊತ್ತು ಮಸ್ಕಿಗೆ ಒಯ್ದು, ಎಣ್ಣೆ ಹಚ್ಚಿ ಎರೆದು, ಸಾಲಿಗೆ ಹೋಗುವಷ್ಟು ದೊಡ್ಡವನನ್ನಾಗಿ ಮಾಡಿದವಳು ಇದೇ ಅತ್ತೆ. ಅವಳು ಕೂಗಿದರೇ ಹೆಸರು, ಇಲ್ಲದಿದ್ದರೆ ಹೆಸರೇ ಬೇಡ ಎಂದು ದುರುಗೇಶ ಹಠ ಹಿಡಿದು ಕೂತಿದ್ದ.

ಆದರೆ ಆದಮ್ಮ ಬರುವಂತಿರಲಿಲ್ಲ. ದುರುಗೇಶನ ಮದುವೆಯ ಊಟದಲ್ಲಿ ತುಪ್ಪ ಬಡಿಸುವವನು ಅವಳ ಎಲೆ ದಾಟಿ ಮುಂದೆ ಹೋಗಿದ್ದ. ಅವಳು ಅಣ್ಣನಿಗೆ ಹೇಳಿದಳು. ಬೀಗರ ಗಡಿಬಿಡಿಯಲ್ಲಿದ್ದ ಗೋಪಣ್ಣ, ನಿಮ್ಮ ಮನೆಯಲ್ಲಿ ತುಪ್ಪಕ್ಕೆ ಬರ ಬಿದ್ದಿದೆಯೇನು ಎಂದು ಪಂಕ್ತಿಗೆಲ್ಲ ಕೇಳುವಂತೆ ಅಂದುಬಿಟ್ಟ. ಆದಮ್ಮ ಎಲೆ ಬಿಟ್ಟೆದ್ದಳು. ಇನ್ನು ಆ ಹೊಸ್ತಿಲು ತುಳಿಯುವುದು ಅವನ ಹೆಣ ನೋಡಲಿಕ್ಕೇ ಎಂದು ಹೇಳಿ ಮಸ್ಕಿ ಬಸ್ಸು ಹತ್ತಿದಳು. ಗೋಪಣ್ಣನೇನು ಕಡಿಮೆಯೇ, ಸತ್ತರೂ ಕರೆಯುವುದಿಲ್ಲ ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅಂಥ ಆಸಾಮಿ. ಮೀಸೆಯೂ ಅಂಥದ್ದೇ, ಬೆಳ್ಳಗಿನದು, ಎರಡೂ ತುದಿ ತಿರುವಿ ನಿಲ್ಲಿಸಿದ್ದು. ಮೂರು ವರ್ಷ ದುರುಗೇಶ ಇಬ್ಬರ ನಡುವೆ ಓಡಾಡಿ ಬೈಕಿನ ಪೆಟ್ರೋಲು ಸುಟ್ಟದ್ದಷ್ಟೇ ಬಂತು.

ಇದರ ನಡುವೆ ಗಡ್ಡದ ರಗಳೆ ಬೇರೆ. ದುರುಗೇಶನ ಗಡ್ಡ ಕೊಯ್ದ ನೆಲ್ಲಿನ ಕೂಳೆಯಷ್ಟು ಬಿರುಸು. ಮುದ್ದಿಸಲು ಹೋದರೆ ಕೂಸಿನ ಕೆನ್ನೆ ಕೆಂಪಾಗಿ ಅದು ಮನೆ ಹಾರುವಂತೆ ಚೀರುತ್ತಿತ್ತು. ವಾರಕ್ಕೊಮ್ಮೆ ಸಲೂನಿಗೆ ಹೋದರೆ ಮೂರನೇ ದಿನಕ್ಕೆ ಮತ್ತೆ ಮುಳ್ಳು. ದಿನಾ ತಾನೇ ದಾಡಿ ಮಾಡಿಕೊಳ್ಳೋಣವೆಂದು ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ರೇಜರ್ ತಂದ. ಅದು ಎರಡು ಸಲಕ್ಕೇ ಮೊಂಡಾಗಿ ಕೂದಲನ್ನು ಕೊಯ್ಯುವ ಬದಲು ಕೀಳತೊಡಗಿತು. ಆಮೇಲೆ ಸಾಲುಸಾಲು ಬ್ಲೇಡು ಇರುವ ದುಬಾರಿ ರೇಜರ್ ತಂದ. ಗದ್ದವೇನೋ ನುಣ್ಣಗಾಯಿತು, ಕೊರಳ ತುಂಬ ಮಾತ್ರ ಕೆಂಪು ಗುಳ್ಳೆ ಎದ್ದವು. ಅದರ ತಲೆ ಬದಲಿಸಲು ಹೋಗಿ ರೇಟು ಕೇಳಿದಾಗಂತೂ ಇದು ಗಡ್ಡಕ್ಕೋ ಟ್ರಾಕ್ಟರಿಗೋ ಎಂದು ಅಂಗಡಿಯವನನ್ನೇ ಕೇಳಿ ಬಂದ. ಭಾರತಿ ಒಂದೇ ಮಾತು ಹೇಳಿದ್ದಳು, “ಆ ಮಾರಿ ತಗೊಂಡು ಕೂಸಿನ ಹತ್ರ ಬರಬ್ಯಾಡ್ರಿ.”

ಮೊಬೈಲಿನಲ್ಲಿ ಯಾರೋ ಸೇಫ್ಟಿ ರೇಜರನ್ನು ಹಾಡಿ ಹೊಗಳಿದ್ದನ್ನು ನೋಡಿ ದುರುಗೇಶ ಸಿಂಧನೂರಿಗೆ ಹೋದ. ಬಸ್ ಸ್ಟ್ಯಾಂಡಿನ ಹಿಂದೆ ನಗ್ಮಾ ಎನ್ನುವ ಹೆಣ್ಣುಮಗಳು ಫ್ಯಾನ್ಸಿ ಅಂಗಡಿ ಇಟ್ಟಿದ್ದಾಳೆ. ಅವಳಿಗೆ ಮೊಬೈಲಿನ ಚಿತ್ರ ತೋರಿಸಿದ. ಕಟ್ಟಿಗೆಯ ಪೆಟ್ಟಿಗೆ, ಅದರಲ್ಲಿ ರೇಜರ್ ನಿಲ್ಲಿಸಲು ಸ್ಟ್ಯಾಂಡು, ಬಟ್ಟಲು, ಯಾವುದೋ ಪ್ರಾಣಿಯ ಕೂದಲಿನ ಬ್ರಶ್ಶು. ನಗ್ಮಾ ನೋಡಿ ನಕ್ಕಳು.

“ದಾಡಿ ಮಾಡೋದು ಬ್ಲೇಡ್ ಅಣ್ಣಾ, ಡಬ್ಬಿ ಅಲ್ಲ,” ಅಂದಳು.

ಗಾಜಿನ ಕಪಾಟಿನ ಮೂಲೆಯಿಂದ ಅವಳು ತೆಗೆದುಕೊಟ್ಟದ್ದು ಸಾದಾ ರೇಜರ್, ಹಿಡಿ ತಿರುಗಿಸಿದರೆ ಮೂರು ತುಂಡಾಗಿ ಬಿಚ್ಚುವಂಥದ್ದು. ಜೊತೆಗೆ ಪ್ಲಾಸ್ಟಿಕ್ ಹಿಡಿಯ ಬ್ರಶ್ಶು, ಒಂದು ದುಂಡು ಸೋಪು, ಗಾಯವಾದರೆ ಒತ್ತಿಕೊಳ್ಳಲು ಪಟಿಕದ ತುಂಡು. ಬಟ್ಟಲು ಯಾಕೆ, ಮನೆಯಲ್ಲಿ ಚಹಾದ ಲೋಟ ಇಲ್ಲವೇ ಎಂದಳು. ಒಬ್ಬೊಬ್ಬರ ಚರ್ಮ ಒಂದೊಂದು ಥರ, ಯಾವುದು ಒಗ್ಗುತ್ತದೋ ನೋಡಿ ಅದನ್ನೇ ಹಿಡಿ ಎಂದು ಎರಡು ನಮೂನೆಯ ಬ್ಲೇಡು ಕೊಟ್ಟಳು. ಆ ದುಬಾರಿ ರೇಜರಿನ ಒಂದು ತಲೆಗೆ ಕೊಡುವ ರೊಕ್ಕದಲ್ಲಿ ಇಂಥ ಬ್ಲೇಡು ವರ್ಷಕ್ಕಾಗುವಷ್ಟು ಬರುತ್ತಿದ್ದವು. ಹೊರಡುವಾಗ ಒಂದು ಮಾತು ಹೇಳಿದಳು, “ಒತ್ತಬ್ಯಾಡಣ್ಣಾ. ತನ್ನ ತೂಕಕ್ಕ ತಾನ ಇಳೀತೈತಿ ಅದು.”

ಮರುದಿನ ಬೆಳಿಗ್ಗೆ ದುರುಗೇಶ ಹಿತ್ತಲ ಬೇವಿನ ಮರಕ್ಕೆ ಕನ್ನಡಿ ತೂಗುಹಾಕಿ ನಿಂತ. ಅವರದು ಊರ ಹೊರಗೆ, ಕಾಲುವೆ ದಂಡೆಯ ಹೊಲದ ಮನೆ. ಬಿಸಿನೀರು, ಸೋಪಿನ ನೊರೆ, ಮೇಲಿಂದ ಕೆಳಗೆ ಮೆಲ್ಲಗೆ ಒಂದು ಎಳೆತ. ಅಬ್ಬಾ, ಕೆನ್ನೆ ಬೆಣ್ಣೆಯಾಯಿತು. ಕೊರಳೂ ಉರಿಯಲಿಲ್ಲ, ಒಂದು ಕೂದಲೂ ಎಳೆಯಲಿಲ್ಲ. ಇಷ್ಟು ವರ್ಷ ನನ್ನ ಗಡ್ಡವನ್ನು ಬೈದೆನಲ್ಲ ಎಂದು ಅವನಿಗೆ ನಾಚಿಕೆಯೇ ಆಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹುರುಪಿನಲ್ಲಿ ಮೀಸೆಯ ಅಂಚನ್ನೂ ತಿದ್ದಲು ಹೋದ. ಹಳೆಯ ರೇಜರಿನ ಚಟದ ಕೈ, ಒತ್ತೇಬಿಟ್ಟಿತು. ಎಡಗಡೆಯ ತುದಿ ಹಾರಿಹೋಯಿತು. ಸರಿಮಾಡೋಣವೆಂದು ಬಲಗಡೆ ತುಸು ತೆಗೆದ, ಅದು ಹೆಚ್ಚಾಯಿತು. ಮತ್ತೆ ಎಡಗಡೆ, ಮತ್ತೆ ಬಲಗಡೆ. ಮಂಗ ಬೆಣ್ಣೆ ಹಂಚಿದ ಹಾಗೆ ಹಂಚುತ್ತ ಹಂಚುತ್ತ ಕೊನೆಗೆ ಮೂಗಿನ ಕೆಳಗೆ ಎರಡು ನೊಣ ಕೂತಷ್ಟೇ ಉಳಿಯಿತು. ಅದನ್ನಿಟ್ಟುಕೊಂಡು ತಿರುಗುವುದಕ್ಕಿಂತ ಇಲ್ಲದಿರುವುದೇ ವಾಸಿಯೆಂದು ಅದನ್ನೂ ತೆಗೆದ.

ತೆಗೆದ ಮೇಲೆ ನೆನಪಾಯಿತು. ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಯುವಂತಿಲ್ಲ. ಅದು ಅಪ್ಪ ಸತ್ತಾಗ ಮಾಡುವ ಕೆಲಸ. ಗೋಪಣ್ಣ ನೋಡಿದರೆ ಚರ್ಮ ಸುಲಿಯುತ್ತಾನೆ. ದುರುಗೇಶ ಅವಸರದಲ್ಲಿ ತಲೆ, ಗದ್ದ, ಬಾಯಿ ಎಲ್ಲ ಸೇರಿಸಿ ಟವೆಲ್ ಸುತ್ತಿಕೊಂಡು ಹಲ್ಲುನೋವೆಂದು ಹೇಳಿದ. ಭಾರತಿ ಮಾತ್ರ ಒಳಗೆ ಕರೆದು ಟವೆಲ್ ಎಳೆದು ನೋಡಿ, ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲೆ ತಾನೇ ಉಪಾಯ ಹೇಳಿದಳು. ಮಾವನಿಗೆ ನಂಬಿಕೆ ಬರಬೇಕಲ್ಲ, ಊರೊಳಗೆ ಹೋಗಿ ಹಲ್ಲುನೋವಿನ ಗುಳಿಗೆ ತಂದುಬಿಡಿ ಎಂದಳು.

ಗುಳಿಗೆ ತಂದವನು ಸುಮ್ಮನೆ ಬರಬಾರದೇ? ಕ್ರಾಸಿನ ಬುಡ್ಡೇಸಾಬನ ಹೋಟೆಲಿನಲ್ಲಿ ಚಹಾಕ್ಕೆ ಕೂತ. ಬಾಯಿ ಮುಚ್ಚಿಕೊಂಡು ಚಹಾ ಕುಡಿಯಲಾದೀತೇ, ಟವೆಲನ್ನು ಗದ್ದಕ್ಕಿಳಿಸಿದ. ಬುಡ್ಡೇಸಾಬ್ ನೋಡಿದ. ಮೀಸೆಯಿಲ್ಲದ ಮುಖ, ಮುಚ್ಚಿದ ತಲೆ, ಬೆಳಗಿನ ಸೋಪು ಹೊಕ್ಕು ಕೆಂಪಾದ ಕಣ್ಣು. ಇಂಥ ಹೊತ್ತಿನಲ್ಲಿ ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೇ? ಮರ್ಯಾದಸ್ಥ ಮನುಷ್ಯ, ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ, ಚಹಾಕ್ಕೆ ರೊಕ್ಕ ಬೇಡವೆಂದ. ಹೋದ ಮೀಸೆಗೆ ಇಷ್ಟೊಂದು ಮರುಗುವವರಿದ್ದಾರಲ್ಲ ಎಂದು ದುರುಗೇಶ ಕಣ್ಣೊರೆಸಿಕೊಂಡ. ತಲೆಯಾಡಿಸಿ, ಟವೆಲನ್ನು ಮತ್ತೆ ಬಾಯಿಗೆ ಸುತ್ತಿಕೊಂಡು ಎದ್ದು ಬಂದ.

ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾಲ. ಬುಡ್ಡೇಸಾಬನ ಅಳಿಯ ಖಾಜಾಸಾಬ್ ಮಸ್ಕಿಯಲ್ಲಿ ಆಟೋ ಓಡಿಸುತ್ತಾನೆ, ಮನೆ ಆದಮ್ಮನ ಮನೆಯ ಎದುರಿಗೇ. ಫೋನು ಅಲ್ಲಿಗೆ ಹೋಯಿತು. ಲಿಂಗಸುಗೂರಿನಲ್ಲಿ ಭಾರತಿಯ ತವರಿಗೂ ಹೋಯಿತು.

ದುರುಗೇಶ ಮನೆ ಸೇರಿದಾಗ ಗೋಪಣ್ಣ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಕಿವಿಗೆ ಟವೆಲ್ ಅಡ್ಡವಿದ್ದದ್ದರಿಂದ ದುರುಗೇಶ ಸ್ಪೀಕರ್ ಒತ್ತಿದ. ಖಾಜಾಸಾಬನ ದನಿ ಮನೆಯೆಲ್ಲ ತುಂಬಿತು.

“ಅಣ್ಣಾ, ನಿಮ್ಮತ್ತಿನ್ನ ಕರ್ಕೊಂಡು ಹೊಂಟೀನ್ರಿ. ಭಾಳ ಅಳಾಕತ್ತಾರ. ನಾವು ಬರೋತನಕ ಮಣ್ಣು ಮಾಡಬ್ಯಾಡ್ರಿ.”

ಫೋನು ಕಟ್ಟಾಯಿತು. ಗೋಪಣ್ಣ ತುತ್ತು ಕೈಯಲ್ಲೇ ಹಿಡಿದು ಕೇಳಿದ, “ಯಾರನ್ನ ಮಣ್ಣು ಮಾಡಾಕತ್ತೀರಲೇ?”

ಇನ್ನು ಮುಚ್ಚಿಡುವುದೇನು ಉಳಿದಿತ್ತು. ದುರುಗೇಶ ಟವೆಲ್ ತೆಗೆದ. ಗೋಪಣ್ಣ ಮಗನ ಬೋಳು ತುಟಿಯನ್ನು ನೋಡೇ ನೋಡಿದ.

“ನಾ ಯಾವಾಗ ಸತ್ನಲೇ?” ಎಂದವನೇ ಗೋಡೆಗೆ ಒರಗಿಸಿದ್ದ ಬಾರಕೋಲಿಗೆ ಕೈಹಾಕಿದ.

ದುರುಗೇಶ ರೇಜರ್, ಮೀಸೆ, ಬುಡ್ಡೇಸಾಬ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಬಾರಕೋಲು ಮೇಲಕ್ಕೆದ್ದದ್ದು ಅಲ್ಲೇ ನಿಂತಿತು.

“ಯಾರು ಅಳಾಕತ್ತಾರ ಅಂದ ಅವ?”

“ಅತ್ತಿ.”

“ನನಗಾ?”

“ಹೂಂನಪ್ಪ, ನಿನಗ.”

ಗೋಪಣ್ಣ ಬಾರಕೋಲು ಕೆಳಗಿಟ್ಟು ಕೂತ. ಅತ್ತೆಗೆ ನಿಜ ಹೇಳಿಬಿಡೋಣವೆಂದು ದುರುಗೇಶ ಫೋನು ಎತ್ತಿದರೆ ಅದರ ಮೇಲೆ ಕೈಯಿಟ್ಟ. “ಬ್ಯಾಡ. ಬರ್ಲಿ,” ಅಂದ. ಕರೆಯಲು ಮೂರು ವರ್ಷ ಫೋನು ಮುಟ್ಟದವನು ಈಗ ತಡೆಯಲೂ ಮುಟ್ಟಗೊಡಲಿಲ್ಲ. ಆದರೆ ಕೂತಲ್ಲಿ ಕೂರಲೂ ಅವನಿಂದಾಗಲಿಲ್ಲ. ಅರ್ಧ ರೊಟ್ಟಿ ಗಂಗಾಳದಲ್ಲೇ ಬಿಟ್ಟೆದ್ದು ರುಮಾಲು ಸುತ್ತಿಕೊಂಡು ಕಾಲುವೆ ಸೇತುವೆಯ ಕಡೆ ನಡೆದ. ದುರುಗೇಶ ಹಿಂದೆ ಓಡಿದ. ತಂಗಿಯ ಮೊಣಕಾಲು, ತಂಗಿಯ ಬಿಪಿ, ಆ ಹಾಳು ರಸ್ತೆ ಎಂದು ಗೋಪಣ್ಣ ದಾರಿಯುದ್ದಕ್ಕೂ ಗೊಣಗಿದ. “ಅಷ್ಟು ದೂರ ಅಳಕೋತ ಬರ್ತಾಳಲೇ ಆಕಿ,” ಎಂದು ಹೆಜ್ಜೆ ಜೋರು ಮಾಡಿದ.

ಸೇತುವೆಯ ಮೇಲೆ ನಿಂತವನನ್ನು ನೋಡಿ ಖಾಜಾಸಾಬ್ ಒತ್ತಿದ ಬ್ರೇಕಿಗೆ ಆಟೋ ರಸ್ತೆಗೆ ಅಡ್ಡವಾಗಿ ನಿಂತಿತು. ಆದಮ್ಮ ಕೈಯಲ್ಲಿ ದಪ್ಪ ಹೂವಿನ ಹಾರ ಹಿಡಿದು ಇಳಿದಳು. ಬಂದು ಅಣ್ಣನ ತೋಳು ಮುಟ್ಟಿದಳು, ಬೆಚ್ಚಗಿತ್ತು. ಮತ್ತೊಮ್ಮೆ ಮುಟ್ಟಿದಳು. ಆಮೇಲೆ ಅದೇ ಹಾರದಿಂದ ಅವನಿಗೆ ಬಡಿಯತೊಡಗಿದಳು. ಚೆಂಡುಹೂವಿನ ಎಸಳು ಕಾಲುವೆಯ ನೀರಿಗೆಲ್ಲ ಹಾರಿದವು.

ಏನಾಗಿತ್ತೆಂದು ದುರುಗೇಶ ತಡವರಿಸುತ್ತ ಹೇಳಿದ. ಗೋಪಣ್ಣನಾದರೂ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. “ಹೆಣಾ ನೋಡಾಕ ಬಂದೀಯಲ್ಲ, ನೋಡು, ಹೆಂಗೈತಿ?” ಎಂದು ಚೇಷ್ಟೆ ಮಾಡಿದ.

ಆದಮ್ಮನ ಕಣ್ಣೀರು ಅಲ್ಲೇ ಇಂಗಿತು. ಹಾರವನ್ನು ಆಟೋದೊಳಗೆ ಬಿಸಾಕಿ ತಾನೂ ಹತ್ತಿ ಕೂತಳು. “ಖಾಜಾ, ತಿರುಗ್ಸು. ಇವ ಸತ್ತಿಲ್ಲ. ನನ್ನ ಮಾತು ಹಂಗ ಐತಿ.”

ದುರುಗೇಶ ಆಟೋಕ್ಕೆ ಅಡ್ಡ ಓಡಿದ. ಐದು ತಿಂಗಳಿನಿಂದ ಅವನು ಯಾರಿಗಾಗಿ ಕಾದಿದ್ದನೋ ಅವಳು ಮನೆಯ ಬುಡಕ್ಕೆ ಬಂದು ಮರಳುತ್ತಿದ್ದಳು. ಆಟೋದ ಸರಳು ಹಿಡಿದು, ಕೂಸಿಗೆ ಇನ್ನೂ ಹೆಸರಿಲ್ಲ, ನಿನಗಾಗಿಯೇ ಇಟ್ಟಿಲ್ಲ ಎಂದು ಬೇಡಿಕೊಂಡ. ಆದಮ್ಮ ಆ ಕಡೆ ಮುಖ ತಿರುಗಿಸಿದಳು.

“ದುರುಗ್ಯಾ,” ಗೋಪಣ್ಣ ಕರೆದ. “ಮನಿಗೆ ಹೋಗಿ ನಿನ್ನ ಆ ರೇಜರ್ ತಗೊಂಬಾ.”

ಯಾಕೆಂದು ತಿಳಿಯದೆ ದುರುಗೇಶ ನಿಂತಿರುವಾಗಲೇ ಗೋಪಣ್ಣ ತಂಗಿಯ ಕಡೆ ತಿರುಗಿದ.

“ಆದೀ, ತುಪ್ಪದ ಮಾತು ನಾ ಆಡಬಾರದಿತ್ತು. ತಪ್ಪು ನಂದ. ನೀ ಹಿಂಗ ತಿರುಗಿ ಹೋದ್ರ ಇಲ್ಲೇ ಕುಂತು ಈ ಮೀಸಿ ತೆಗೀತೀನಿ. ಅದ ನನಗ ದಂಡ.” ಮಾತಿನ ಜೊತೆಗೆ ಗೋಪಣ್ಣನ ಕೈ ಮೀಸೆಗೆ ಹೋಗಿತ್ತು, ತಿರುವಲಿಕ್ಕಲ್ಲ. ನಿಲ್ಲಿಸಿದ ತುದಿಗಳನ್ನು ಅವನೇ ಕೆಳಗೆ ಮಾಡಿದ. ಹಾಗೆ ಮಾಡಿದ್ದನ್ನು ದುರುಗೇಶ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆದಮ್ಮ ಅಣ್ಣನನ್ನು ದಿಟ್ಟಿಸಿದಳು. ಅವಳಿಗೆ ನಗುವೂ ಬಂತು, ಅಳುವೂ ಬಂತು. “ಹುಚ್ಚ ಅದೀಯೇನು? ನೀ ಮೀಸಿ ಇಲ್ದ ನಿಂತ್ರ ನಾ ಯಾರಿಗೆ ಅಣ್ಣ ಅನ್ಲಿ?” ಎಂದು ಆಟೋದಿಂದ ಕಾಲು ಕೆಳಗಿಟ್ಟಳು.

ಆಮೇಲೆ ಮನೆಯಲ್ಲಿ ಹಬ್ಬ. ಅತ್ತು ಬಂದವಳು ಹಾಗೇ ಕೂಸನ್ನು ಮುಟ್ಟಬಾರದೆಂದು ಆದಮ್ಮ ಮೊದಲು ಜಳಕ ಮಾಡಿ ಭಾರತಿಯ ಹೊಸ ಸೀರೆ ಉಟ್ಟಳು. ಲಿಂಗಸುಗೂರಿನ ಬೀಗರೂ ಇನ್ನೊಂದು ಹಾರ ಹಿಡಿದು ಬಂದಿಳಿದರು. ಹೆಣಕ್ಕೆಂದು ತಂದ ಹಾರಗಳನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಖಾಜಾಸಾಬ್ ಬೀಗರು ತಂದದ್ದನ್ನು ತನ್ನ ಆಟೋದ ಮುಂದೆ ಕಟ್ಟಿಕೊಂಡ. ಬುಡ್ಡೇಸಾಬನೂ ಬಂದ, ಗೋಪಣ್ಣನನ್ನು ನೋಡಿ ಹೊಸ್ತಿಲಲ್ಲೇ ಕೂತುಬಿಟ್ಟ. ಹೊತ್ತು ಇಳಿಯುವ ಮೊದಲೇ ತೊಟ್ಟಿಲು ಕಟ್ಟಿದರು. ಆದಮ್ಮ ಬಗ್ಗಿ ಕೂಸಿನ ಕಿವಿಯಲ್ಲಿ ರಾಜಶ್ರೀ ಎಂದಳು, ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಸೂಗಮ್ಮನ ಗುದ್ದಂತೂ ಪಡಸಾಲೆಗೆ ಕೇಳಿಸಿತು.

ಮಣ್ಣಿಗೆ ಬಂದವರು ಹೋಳಿಗೆ ಉಂಡರು. ತುಪ್ಪದ ಚೊಂಬನ್ನು ಗೋಪಣ್ಣ ಯಾರ ಕೈಗೂ ಕೊಡಲಿಲ್ಲ. ತಂಗಿಯ ಎಲೆಗೆ ತಾನೇ ಬಡಿಸಿದ. ಸಾಕು ಎಂದರೂ ನಿಲ್ಲಿಸಲಿಲ್ಲ, ತುಪ್ಪ ಎಲೆ ದಾಟಿ ನೆಲಕ್ಕೆ ಹರಿಯಿತು.

ದುರುಗೇಶ ಕೂಸನ್ನೆತ್ತಿ ಹೆದರುತ್ತ ಹೆದರುತ್ತ ಕೆನ್ನೆಗೆ ಕೆನ್ನೆ ತಾಗಿಸಿದ. ರಾಜಶ್ರೀ ಚೀರಲಿಲ್ಲ. ಇವನ್ಯಾರು ಎಂಬಂತೆ ನೋಡಿ, ಅವನ ಬೋಳು ತುಟಿಯ ಮೇಲೆ ಅಂಗೈಯಿಂದ ಬಡಿದು ನಕ್ಕಿತು. ಆದಮ್ಮ ಹತ್ತಿರ ಬಂದು ಅವನ ಗದ್ದ ಹಿಡಿದು, ಎರೆದು ಮಲಗಿಸುತ್ತಿದ್ದಾಗ ಈ ಮುಖ ಹೀಗೇ ಇತ್ತು ಎಂದಳು.

ಆದಮ್ಮನೊಬ್ಬಳು ಉಳಿದು ಮಿಕ್ಕವರೆಲ್ಲ ಹೋದ ಮೇಲೆ ದುರುಗೇಶ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತ. ಬೈಗುಳ ಬಾಕಿ ಇರುವುದು ಅವನಿಗೆ ಗೊತ್ತಿತ್ತು. ತಪ್ಪಾಯಿತೆಂದ, ಇನ್ನೊಮ್ಮೆ ಮೀಸೆಯ ಹತ್ತಿರ ಬ್ಲೇಡು ತರುವುದಿಲ್ಲವೆಂದ. ಗೋಪಣ್ಣ ಅವನ ಕಡೆ ನೋಡಲೂ ಇಲ್ಲ. ಒಳಗೆ ತೊಟ್ಟಿಲು ತೂಗುತ್ತ ಕೂತಿದ್ದ ತಂಗಿಯನ್ನೇ ನೋಡುತ್ತ ಮೀಸೆಯ ತುದಿಯನ್ನು ಮತ್ತೆ ಮೇಲಕ್ಕೆ ತಿರುವಿದ.

“ಮೀಸಿ ತಿಂಗಳಿಗೆ ಬರತೈತಿ ಬಿಡು,” ಅಂದ. “ಆಕಿ ಬರ್ತಿದ್ದಿಲ್ಲ.”