ಗುಲಾಬಿ ಶೆಡ್ಡಿನ ಶ್ರುತಿ

“ಈ ಗೂಂ ಅನ್ನೋದು ಯಾವಾಗ್ಲಾ ನಿಲ್ಲೋದು?”

ಗೋಪಿನಾಥ ಗೋಡೆಗೆ ಮುಖ ಮಾಡಿ ಕೇಳಿದ. ಯಾರನ್ನೂ ಕೇಳಿದ್ದಲ್ಲ. ಹೊಸೂರು ಕಡೆಯ ತಳಿ ಊರಿನ ಹತ್ತಿರದ ನಮ್ಮ ಗುಲಾಬಿ ತೋಟದ ಶೆಡ್ಡಿನಲ್ಲಿ ಅವನ ಮೆಟಲ್ ಬ್ಯಾಂಡಿನ ಅಭ್ಯಾಸ ನಡೆಯುತ್ತಿತ್ತು. ಪಕ್ಕದಲ್ಲೇ ಹೂವಿಡುವ ಕೋಲ್ಡ್ ರೂಮು. ಗೂಂ ಅನ್ನುತ್ತಿದ್ದುದು ಅದರ ಕಂಪ್ರೆಸರ್; ಅದನ್ನು ನಿಲ್ಲಿಸಿದರೆ ಕೊಯ್ದ ಮೊಗ್ಗೆಲ್ಲ ಅರಳಿಬಿಡುತ್ತವೆ. ಅವನ ಅಕ್ಕನಾದ ನಾನು ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ.

ನಮ್ಮಪ್ಪ ಸಂಜೆ ದೀಪ ಹಚ್ಚಿದ ಮೇಲೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ರಾಗವಾಗಿ ಪದ್ಯ ಓದುತ್ತಿದ್ದರು. ನಾನು ಅದನ್ನು ಕೇಳಿ ಬೆಳೆದವಳು. ತಮ್ಮನ ಕಿರುಚಾಟಕ್ಕೂ ಅದಕ್ಕೂ ಯಾವ ನಂಟೂ ಕಾಣದಿದ್ದರೂ ಕೇಳುತ್ತಿದ್ದೆ. ಕೇಳುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ.

ಅವತ್ತು ಗೋಪಿ ಸಿಟ್ಟಿನಲ್ಲೇ ಗಿಟಾರಿನ ತಂತಿಯ ಶ್ರುತಿ ಇಳಿಸಿ ಆ ಗೂಂಗೆ ಸೇರಿಸಿದ. ಸೇರಿಸಿದವನು ಹಾಗೇ ನಿಂತುಬಿಟ್ಟ. ಆಮೇಲೆ ಲ್ಯಾಪ್‌ಟಾಪು ಬಂತು, ಕೀಬೋರ್ಡು ಬಂತು. ಕಂಪ್ರೆಸರಿನ ಸದ್ದು, ಗಾಳಿಗೆ ಬಡಿಯುವ ಪ್ಲಾಸ್ಟಿಕ್ ಹೊದಿಕೆಯ ಸದ್ದು, ಎಲ್ಲ ಹಿಡಿದು ನಿಧಾನ ಮಾಡಿ ಎಳೆದ. ಕಿರುಚುತ್ತಿದ್ದವನು ಗುನುಗತೊಡಗಿದ. ಒಂದು ಸ್ವರ ಮಂಜಿನ ಹಾಗೆ ನಿಂತು, ಅದರೊಳಗಿಂದ ಇನ್ನೊಂದು ಮೆಲ್ಲಗೆ ಬೆಳಗಿತು. ಹೂವು ಆರಿಸುತ್ತಿದ್ದ ನನ್ನ ಕೈ ತಾನಾಗಿ ಮಡಿಲಿಗೆ ಬಂತು.

ಡ್ರಮ್ಮು ಬಾರಿಸುವ ರಮೇಶನಿಗೆ ಮಾತ್ರ ಹಿಡಿಸಲಿಲ್ಲ. ಸೂಳಗಿರಿಯ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬರುತ್ತಿದ್ದ ಹುಡುಗ.

“ಇದ್ರಾಗೆ ನಂದೇನ್ಲಾ ಕೆಲ್ಸ? ಸಾಂಬ್ರಾಣಿ ಹಾಕ್ಲಾ?”

“ತಡಿಯಲಾ, ಜಾಗ ಮಾಡ್ತೀನಿ.”

“ಹೊಸೂರು ಪ್ರೋಗ್ರಾಮು ಮುಗೀಲಿ. ಆಮ್ಯಾಕೆ ನಾನು ಬರಾಕಿಲ್ಲ.”

ಗೋಪಿಯ ಮುಖ ಬಾಡಿತು. ಸ್ಕೂಲಿನಿಂದ ಜೊತೆಗೆ ಬಾರಿಸಿದವರು. ರಮೇಶ ಹೋದರೆ ಇವನೂ ಬ್ಯಾಂಡು ಬಿಡುತ್ತಾನೆ ಅನ್ನುವುದು ನನಗೆ ಗೊತ್ತಿತ್ತು.

“ನೀನೇ ಹೇಳಕ್ಕ, ಸುಮ್ಕೆ ಕುಂತ್ಕಳಾಕೆ ಡ್ರಮ್ಮು ಯಾಕೆ?” ಎಂದು ರಮೇಶ ನನ್ನ ಕಡೆ ತಿರುಗಿದ.

“ಅಪ್ಪ ಓದ್ತಾ ಓದ್ತಾ ನಿಲ್ಲಿಸ್ಬುಡೋರು ಕಣೋ. ಮುಂದಿನ ಮಾತು ಎಲ್ರಿಗೂ ಗೊತ್ತಿರೋದು. ಆದ್ರೂ ಯಾರೂ ಉಸ್ರು ಬಿಡ್ತಿರ್ಲಿಲ್ಲ.”

“ನಾನೇನು ಪುರಾಣ ಓದಾಕೆ ಬಂದಿದ್ದೀನಾ?” ಎಂದು ನಕ್ಕ.

ಹೊಸೂರಿನ ಸಭಾಂಗಣದ ತುಂಬ ಕಪ್ಪು ಟೀ-ಶರ್ಟಿನ ಹುಡುಗರು. ಗೋಪಿ ಶುರು ಮಾಡಿದಾಗ ಯಾರೋ ಶಿಳ್ಳೆ ಹಾಕಿದರು, ಇನ್ನೊಬ್ಬ “ಡ್ರಮ್ಸ್ ಎಂಗಡಾ?” ಎಂದು, ಡ್ರಮ್ಮು ಎಲ್ಲೋ ಅಂತ ತಮಿಳಿನಲ್ಲಿ ಕೂಗಿದ. ರಮೇಶ ತಲೆ ಎತ್ತಲಿಲ್ಲ. ಸ್ವರ ಹರಡಿತು, ದಪ್ಪವಾಯಿತು, ಗರ್ಭಗುಡಿಯ ಪರದೆ ಸರಿಯುವ ಮುಂಚಿನ ಹೊತ್ತಿನ ಹಾಗೆ ಎಲ್ಲವೂ ಬಿಗಿಯಿತು. ರಮೇಶ ಕೈ ಎತ್ತಿದ. ಈಗ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಶಿಳ್ಳೆ, ಕೂಗು ಎರಡೂ ನಿಂತವು. ಆಗ ಒಂದೇ ಒಂದು ಪೆಟ್ಟು, ಮೆತ್ತಗೆ, ಆಳಕ್ಕೆ. ನೆಲದಿಂದ ಪಾದಕ್ಕೆ ಏರಿತು. ನಾನು ಕೈ ಮುಗಿದಿದ್ದೆ.

ಹಾಡು ಮುಗಿಯಿತು. ಕಾರ್ಯಕ್ರಮ ನಡೆಸುತ್ತಿದ್ದ ಸುಬ್ರಮಣಿ ಸ್ಟೇಜಿನ ಅಂಚಿಗೆ ಬಂದ.

“ತಂಬಿ ರಮೇಶು, ನೀನು ಜೋರಾಗಿ ಡ್ರಮ್ಮು ಬಾರ್ಸೋ ಹಳೇ ಹಾಡು ಐತಲ್ಲ, ಅದೊಂದು ಬಾರ್ಸುಬುಡು. ಹುಡುಗ್ರು ಅದಕ್ಕೇ ಬಂದವ್ರೆ. ಮುಂದಿನ ತಿಂಗ್ಳು ಕೃಷ್ಣಗಿರಿ ಸ್ಟೇಜೂ ನಿಮ್ಗೇ ಕೊಡ್ತೀನಿ.”

ಗೋಪಿ ಕೀಬೋರ್ಡಿನಿಂದ ಕೈ ತೆಗೆದ. ರಮೇಶನನ್ನೇ ನೋಡುತ್ತಿದ್ದ.

ರಮೇಶ ತೋಳಿನಿಂದ ಬೆವರು ಒರೆಸಿಕೊಂಡ.

“ಆಗಾಕಿಲ್ಲಣ್ಣ,” ಅಂದ. “ಇನ್ಮ್ಯಾಕೆ ನಾವು ಬಾರ್ಸೋದು ಇದನ್ನೇ.”