ಮುಂದೆ ಸರಿದ ಕ್ಯಾನು

ಸುಡಾನ್ ಗಡಿಗೆ ಹತ್ತಿರದ ಅಜುಮಾನಿ ಸೀಮೆಯ ಆಸಿಯೆಂಜೊ ಬೆಳಗಿನ ಜಾವವೇ ಬೋರಿನ ಸಾಲಿನ ಕೊನೆಗೆ ತನ್ನ ಕ್ಯಾನು ಇಟ್ಟು ಆಸ್ಪತ್ರೆಗೆ ಹೋಗಿದ್ದಳು. ಬಸುರಿ ಸೊಸೆಗೆ ರಕ್ತ ಹೆಚ್ಚಿಸುವ ಮಾತ್ರೆ ಬೇಕಿತ್ತು. ಬಿಸಿಲೇರಿದ ಮೇಲೆ ಬರಿಗೈಲಿ ಬಂದಳು.

“ಸಾಲಿನ ತುಂಬ ಸುಡಾನಿಂದ ಬಂದೋರೇ! ನಮಗೆ ಮಾತ್ರೆ ಎಲ್ಲುಳಿಯುತ್ತೆ? ನಾಳೆ ಆಸ್ಪತ್ರೆಯೋರು ಕರೆದ ಸಭೇಲಿ ನಾನಂತೂ ಕೈ ಎತ್ತೋಳೇ. ಆಸ್ಪತ್ರೇಲಿ ಎರಡು ಸಾಲಾಗ್ಲಿ. ನಮ್ದು ಬೇರೆ, ಅವರದ್ದು ಬೇರೆ.”

ನೀರಿನ ಸಮಿತಿಯ ಹಿರಿಯಳು ಮಾಂಡೆರಾ ಮಾವಿನ ನೆರಳಲ್ಲಿ ಎಳ್ಳು ಕೇರುತ್ತಿದ್ದಳು.

“ಅದನ್ನೂ ಮಾಡಿ ನೋಡಿದೀವಲ್ಲೇ. ಅವರು ಯುದ್ಧಕ್ಕೆ ಹೆದರಿ ಓಡಿಬಂದ ಮೊದಲ ವರ್ಷ ಶಿಬಿರದ ಬೇಲಿಯೊಳಗೆ ಅವರಿಗಷ್ಟೇ ಬೋರು ಕೊರೆಸಿದ್ರು. ನಾವು ಹೊಳೆ ನೀರು ಹೊತ್ವಿ. ಆಗ ನಿನ್ನ ಬೈಗುಳಕ್ಕೆ ನನ್ನ ಕೋಳಿ ಮೊಟ್ಟೆ ಇಡೋದೇ ಬಿಟ್ಟಿತ್ತು!”

“ಹೊಟ್ಟೆ ಉರೀದೆ ಇರುತ್ತಾ ಅತ್ತೆ?”

“ನನಗೂ ಉರೀತು. ಆಮೇಲೆ ಬೋರು, ಆಸ್ಪತ್ರೆ ಎಲ್ಲಾ ಇಬ್ಬರಿಗೂ ಸೇರಿ ಅಂತ ನಿಯಮ ಬಂತು. ಜನ ಬದಲಾಗ್ಲಿಲ್ಲ, ಅವರೂ ಅವರೇ, ನಾವೂ ನಾವೇ. ಬೈಗುಳ ಮಾತ್ರ ನಿಂತೋಯ್ತು. ಎರಡು ಬಾಗಿಲಿದ್ರೆ ಕಣ್ಣು ಪಕ್ಕದವರ ಕೈ ಮೇಲೆ. ಒಂದೇ ಆದ್ರೆ ಎಲ್ಲರ ಕಣ್ಣೂ ಬಾಗಿಲ ಮೇಲೆ. ಹೆರಿಗೆ ನರ್ಸಮ್ಮ ಬಂದದ್ದೂ ಇಬ್ಬರನ್ನೂ ಲೆಕ್ಕಕ್ಕೆ ಹಿಡಿದ ಮೇಲೇ. ಸಾಲು ಒಡೆದ್ರೆ ಆಕೆ ಯಾವ ಕಡೆ ನಿಲ್ಲಬೇಕು? ನಿನ್ನ ಸೊಸೆಗೆ ನೋವು ಬಂದಾಗ ಆ ಕಡೆ ಇದ್ರೆ?”

ಆಸಿಯೆಂಜೊ ಕ್ಯಾನು ಹುಡುಕಲು ಎದ್ದಳು. ಯಾರೂ ಕಾಯದ ಕ್ಯಾನು ಕೊನೆಯಲ್ಲೇ ಬಿದ್ದಿರುತ್ತದೆ ಎಂದುಕೊಂಡಿದ್ದಳು. ಅದು ಪಂಪಿನ ಬುಡದಲ್ಲಿತ್ತು! ಅದರ ಹಿಂದೆ, ಬೆನ್ನಿಗೆ ಕೂಸು ಕಟ್ಟಿಕೊಂಡು ಕಿಡೆನ್ ನಿಂತಿದ್ದಳು. ಸುಡಾನಿನಿಂದ ಬಂದವಳು.

“ನೀನು ತಳ್ಕೊಂಡು ಬಂದ್ಯಾ?”

“ಮತ್ತೆ? ಹಿಂದಿರೋಳು ಮುಂದಿನ ಕ್ಯಾನು ತಳ್ಳದಿದ್ರೆ ಸಾಲು ನಡಿಯುತ್ತಾ ಅಕ್ಕ? ಮಾತ್ರೆ ಸಿಕ್ತಾ?”

“ಇಲ್ಲ.”

“ನನಗೂ ಹೋದ ವಾರ ಹಂಗೇ ಕಳಿಸಿದ್ರು. ತಿಂಗಳಿಂದ ಯಾರಿಗೂ ಇಲ್ವಂತೆ.”

ಆಸಿಯೆಂಜೊ ಪಂಪಿನ ಹಿಡಿ ಒತ್ತಿದಳು. ತನ್ನದು ತುಂಬಿದ ಮೇಲೂ ಕೈ ಬಿಡಲಿಲ್ಲ. ಕಿಡೆನಳ ಕ್ಯಾನಿಗೂ ಒತ್ತಿದಳು.

ಮರುದಿನ ಸಭೆಯಲ್ಲಿ ಅವಳು ಕೈ ಎತ್ತಿದ್ದೇನೋ ನಿಜ.

“ಸಾಲು ಒಂದೇ ಇರ್ಲಿ. ಮಾತ್ರೆ ಯಾಕೆ ಬಂದಿಲ್ಲ, ಅದನ್ನ ಹೇಳಿ.”

ಹಿಂದಿನಿಂದ ಕಿಡೆನ್ ಎದ್ದು ಅದನ್ನೇ ಕೇಳಿದಳು. ಆಮೇಲೆ ಇನ್ನೊಬ್ಬಳು. ಕೊನೆಗೆ ಸಭೆಯೇ ಎದ್ದು ನಿಂತಿತು. ಸೊಸೆಗೆ ದಿನ ತುಂಬುವ ಮೊದಲೇ ಮಾತ್ರೆ ಬಂತು. ಸಾಲು ಈಗಲೂ ಉದ್ದವೇ ಇದೆ.

ತಾಯಂದಿರೇ, ದೇವರು ಮಳೆಗೆ ಬೇಲಿ ಹಾಕಲಿಲ್ಲ. ಸಾಲು ಉದ್ದವಾದಾಗ ಮುಂದೆ ನಿಂತವರ ಊರು ಕೇಳಬೇಡಿ. ಬಾಗಿಲೊಳಗೆ ಏನಿಲ್ಲ, ಯಾಕಿಲ್ಲ ಎಂದು ಕೇಳಿ. ಅವರ ಜೊತೆಗೇ ನಿಂತು ಕೇಳಿ.